ಪಿ0128: ಸೆನ್ಸರ್ ಬದಲಾಯಿಸಿದರೂ ಆರದ ಇಂಜಿನ್ ಲೈಟ್ (ತುಮಕೂರು, 2011ರ ಪೆಟ್ರೋಲ್ ಗಾಡಿ)

ಶಿರಾಗೇಟ್ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ಕೆಎ 06 ನಂಬರು. ನಾನು ಎರಡನೇ ಓನರ್. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ಅರ್ಧ ಜನ "ಆ ಗಾಡಿ ಯಾಕೆ ತಗೊಂಡ್ರಿ" ಅಂತ ಶುರು ಮಾಡುತ್ತಾರೆ.

ವಿಷಯ ಇಷ್ಟೇ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಉರಿಯುತ್ತಿದೆ. ಮಿಣುಕುವುದಿಲ್ಲ, ಒಂದೇ ಸಮನೆ ಇರುತ್ತದೆ. ಗಾಡಿ ಓಡುವುದರಲ್ಲಿ ತೊಂದರೆ ಕಾಣಿಸುವುದಿಲ್ಲ. ಪಿಕಪ್ ಇದೆ, ಜರ್ಕ್ ಇಲ್ಲ. ಮೈಲೇಜ್ ಮಾತ್ರ ಬಿದ್ದಿದೆ. ಹೈವೇಯಲ್ಲಿ 17 ಕೊಡುತ್ತಿದ್ದ ಗಾಡಿ ಈಗ 14 ಕೊಟ್ಟರೆ ಜಾಸ್ತಿ.

ಮೊದಲ ಗ್ಯಾರೇಜಿನವರು ಬ್ಯಾಟರಿ ವೈರ್ ಬಿಚ್ಚಿ ಹಾಕಿದರು. ಲೈಟ್ ಆರಿತು. ಆ ವಾರವೇ ವಾಪಸ್ ಬಂತು. ಇನ್ನೊಂದು ಕಡೆ ಸ್ಕ್ಯಾನರ್ ಹಾಕಿದಾಗ ಪಿ0128 ಅನ್ನುವ ದೋಷದ ಕೋಡ್ ಬಂತು. "ಕೂಲೆಂಟ್ ಟೆಂಪರೇಚರ್ ಅಂತ ತೋರಿಸ್ತಿದೆ ಸಾರ್, ಸೆನ್ಸರ್ ಹೋಗಿದೆ" ಅಂದರು. (ಕೂಲೆಂಟ್ ಅಂದರೆ ಇಂಜಿನ್ ತಂಪು ಮಾಡುವ ನೀರು.) ಹೊಸ ಸೆನ್ಸರ್ ಬಿತ್ತು, ದುಡ್ಡೂ ಹೋಯಿತು, ಮತ್ತೆ ಅದೇ ಕೋಡ್. ಈಗ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಬಿಚ್ಚಿ ಬೆಂಗಳೂರಿಗೆ ಕಳಿಸೋಣ ಅನ್ನುತ್ತಿದ್ದಾರೆ. 15 ವರ್ಷದ ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬರುತ್ತಿದೆ. ಏನು ಮಾಡಲಿ?

ಗುಬ್ಬಿಗೇಟ್ ಗುರು:
ಬ್ರೋ, ಮೀಟರ್ ಬಿಚ್ಚಿಸಿ ಆ ಬಲ್ಬ್ ತೆಗೆಸಿಬಿಡಿ. ಗಾಡಿ ಚೆನ್ನಾಗಿ ಓಡ್ತಿದೆ ಅಂದ್ರೆ ಟೆನ್ಷನ್ ಯಾಕೆ.

ಹತ್ತನೇ ನಂಬರ್ ಸ್ಪ್ಯಾನರ್:
ಗುರು, ಈ ಸಲಹೆ ಕೊಡುವವರಿಂದಲೇ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಸಾಯುತ್ತಿರುವುದು. ಹಳೇ ಗಾಡಿ ನೋಡಲು ಹೋಗುವ ಎಲ್ಲರಿಗೂ ಹೇಳುತ್ತೇನೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಇಂಜಿನ್, ಆಯಿಲ್, ಬ್ಯಾಟರಿ ಲೈಟ್ ಎಲ್ಲ ಬರಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಇಂಜಿನ್ ಲೈಟ್ ಬರದಿದ್ದರೆ ಯಾರೋ ಬಲ್ಬ್ ಕಿತ್ತಿದ್ದಾರೆ, ಇಲ್ಲವೇ ಹಿಂದೆ ಟೇಪ್ ಅಂಟಿಸಿದ್ದಾರೆ.

ಸವಾರ ಅಣ್ಣ, ನಿಮ್ಮ ವಿಷಯಕ್ಕೆ ಬರುತ್ತೇನೆ. ಇಸಿಎಂ ಮುಟ್ಟಲು ಬಿಡಬೇಡಿ. ಪಿ0128 ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅಲ್ಲ. ಸೆನ್ಸರಿನ ಸರ್ಕ್ಯೂಟ್ ಕೆಟ್ಟರೆ ಸಾಮಾನ್ಯವಾಗಿ ಪಿ0117 ಅಥವಾ ಪಿ0118 ಬರುತ್ತದೆ. ಪಿ0128 ಹೇಳುವುದು ಬೇರೆ. "ಇಷ್ಟು ಹೊತ್ತು ಓಡಿದ ಮೇಲೆ ಇಂಜಿನ್ ಇಷ್ಟು ಬಿಸಿ ಆಗಿರಬೇಕಿತ್ತು, ಆಗಿಲ್ಲ" ಅಂತ. ಸ್ಟಾರ್ಟ್ ಮಾಡಿದಾಗಿನ ಬಿಸಿ, ಒಳಗೆ ಹೋದ ಗಾಳಿ, ಓಡಿದ ಹೊತ್ತು, ಎಲ್ಲ ನೋಡಿ ಇಸಿಎಂ ಒಂದು ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಕೂಲೆಂಟ್ ಬಿಸಿ ಬರದಿದ್ದರೆ ಈ ಕೋಡ್. ಸಾಮಾನ್ಯವಾಗಿ ಎರಡು ಸಲ ಹೀಗಾದ ಮೇಲೆ ಲೈಟ್ ಹಾಕುತ್ತದೆ. ಅದಕ್ಕೇ ಬ್ಯಾಟರಿ ಬಿಚ್ಚಿದ ತಕ್ಷಣ ವಾಪಸ್ ಬರಲ್ಲ, ಸ್ವಲ್ಪ ದಿನ ಬಿಟ್ಟು ಬರುತ್ತದೆ.

ಒಂದು ಪ್ರಶ್ನೆ. ಈ ಗಾಡಿ ಯಾವಾಗಾದರೂ ಹೀಟ್ ಆಗಿತ್ತಾ? ಆಗ ಯಾರಾದರೂ ರೇಡಿಯೇಟರ್ ಕಡೆ ಕೆಲಸ ಮಾಡಿದ್ದರಾ?

ಶಿರಾಗೇಟ್ ಸವಾರ:
ನನ್ನ ಕೈಗೆ ಬಂದ ಮೇಲೆ ಹೀಟ್ ಆಗಿಲ್ಲ. ಹಳೇ ಓನರ್ ಪಾವಗಡದ ಕಡೆಯವರು. ಫೋನ್ ಮಾಡಿ ಕೇಳಿದೆ. ಬೇಸಿಗೆಯಲ್ಲಿ ಮಧುಗಿರಿ ರಸ್ತೆಯಲ್ಲಿ ಹೀಟ್ ಆಗಿ ನಿಂತಿತ್ತಂತೆ. "ಅಲ್ಲೇ ಒಬ್ಬರು ಸರಿ ಮಾಡಿಕೊಟ್ಟರು, ಆಮೇಲೆ ಯಾವತ್ತೂ ಹೀಟ್ ಆಗಿಲ್ಲ" ಅಂದರು. ಏನು ಮಾಡಿದರು ಅಂತ ಅವರಿಗೂ ಗೊತ್ತಿಲ್ಲ.

ಹತ್ತನೇ ನಂಬರ್ ಸ್ಪ್ಯಾನರ್:
"ಆಮೇಲೆ ಯಾವತ್ತೂ ಹೀಟ್ ಆಗಿಲ್ಲ." ಈ ಮಾತು ಕೇಳಿದಾಗಲೇ ನನಗೆ ಅನುಮಾನ ಬರುತ್ತದೆ. ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕಿರಬಹುದು.

ಗೊತ್ತಿಲ್ಲದವರಿಗೆ: ಇಂಜಿನ್ ಮತ್ತು ರೇಡಿಯೇಟರ್ ನಡುವೆ ಈ ವಾಲ್ವ್ ಇರುತ್ತದೆ. ಕೆರೆಯ ತೂಬು ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ಮೇಣ ತುಂಬಿದ ಒಂದು ಚಿಕ್ಕ ಡಬ್ಬಿ. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ನೀರು ಇಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. 82 ಅಥವಾ 88 ಡಿಗ್ರಿ ಸುಮಾರಿಗೆ ಮೇಣ ಕರಗಿ ಹಿಗ್ಗುತ್ತದೆ, ವಾಲ್ವ್ ತೆರೆಯುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ. ಎಷ್ಟಕ್ಕೆ ತೆರೆಯಬೇಕು ಅಂತ ವಾಲ್ವ್ ಮೇಲೇ ಅಚ್ಚಾಗಿರುತ್ತದೆ.

ಇದು ಮುಚ್ಚಿಕೊಂಡೇ ಸಿಕ್ಕಿಕೊಂಡರೆ ಗಾಡಿ ಹೀಟ್ ಆಗುತ್ತದೆ. ಅದನ್ನು ನೋಡಿದ ನಮ್ಮ ಕಡೆ ಎಷ್ಟೋ ಗ್ಯಾರೇಜಿನಲ್ಲಿ ಯಾವ ಗಾಡಿ ಹೀಟ್ ಆದರೂ ಮೊದಲು ವಾಲ್ವ್ ಕೀಳುತ್ತಾರೆ. "ನಮ್ಮ ಬಿಸಿಲಿಗೆ ಇದು ಬೇಡ ಸಾರ್, ಫಾರಿನ್ ಚಳಿಗೆ ಮಾಡಿದ್ದು" ಅಂತ ಒಂದು ಡೈಲಾಗ್ ಬೇರೆ. ಹಳೇ ಕಾರ್ಬೊರೇಟರ್ ಗಾಡಿಯಲ್ಲಿ ಹೇಗೋ ನಡೆಯುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ನಡೆಯಲ್ಲ. ಇಂಜಿನ್ ತಣ್ಣಗಿದೆ ಅಂದರೆ ಇಸಿಎಂ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಿಮ್ಮ ಮೈಲೇಜ್ ಹೋಗಿದ್ದು ಇಲ್ಲೇ ಇರಬೇಕು. ಜಾಸ್ತಿ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಇಳಿಯುತ್ತದೆ. ಇಂಜಿನ್ ಸವೆತವೂ ಜಾಸ್ತಿ.

ಇನ್ನೊಂದು ತಮಾಷೆ ಇದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು, ಅಂದರೆ ರೇಡಿಯೇಟರ್ ಬಿಟ್ಟು ನೀರು ಇಂಜಿನ್ನಿಗೇ ವಾಪಸ್ ಹೋಗುವ ದಾರಿಯನ್ನು, ಮುಚ್ಚುತ್ತದೆ. ಅಂಥ ಗಾಡಿಯಲ್ಲಿ ವಾಲ್ವ್ ಕಿತ್ತರೆ ಬೈಪಾಸ್ ಯಾವಾಗಲೂ ತೆರೆದಿರುತ್ತದೆ. ಅರ್ಧ ನೀರು ರೇಡಿಯೇಟರ್ ಮುಖವನ್ನೇ ನೋಡಲ್ಲ. ಹೈವೇಯಲ್ಲಿ ತಣ್ಣಗೆ, ಘಾಟಿ ಹತ್ತಿಸಿದರೆ ಹೀಟ್. ಎರಡೂ ಕಡೆ ನಷ್ಟ.

ಆದರೆ ಇದೆಲ್ಲ ನನ್ನ ಊಹೆ. ಊಹೆ ಮೇಲೆ ಪಾರ್ಟ್ ಬದಲಾಯಿಸಿದರೆ ಆ ಸೆನ್ಸರ್ ಹಾಕಿದವರಿಗೂ ನನಗೂ ಏನು ವ್ಯತ್ಯಾಸ? ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ತಗೊಳ್ಳಿ, ಗಾಡಿಯ ಕೋಡ್, ಟೆಂಪರೇಚರ್ ಎಲ್ಲ ಫೋನಿನಲ್ಲಿ ತೋರಿಸುತ್ತದೆ. ಇಎಲ್‌ಎಂ 327 ಅಂತ ಸಿಗುತ್ತದೆ, ನೂರುಗಳ ಲೆಕ್ಕದ ಮಾಲು. ಐಫೋನ್ ಇದ್ದರೆ ಮಾತ್ರ ನೋಡಿ ತಗೊಳ್ಳಿ. ಹಳೇ ಥರದ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಕೂಡಲ್ಲ, ವೈಫೈದು ಅಥವಾ ಐಫೋನ್‌ಗೆ ಕೂಡುವ ಬ್ಲೂಟೂತ್ ಎಲ್‌ಇ ಥರದ್ದು ಬೇಕು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿ ಚುಚ್ಚಿ.

ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿದ್ದಾಗ, ಸ್ಟಾರ್ಟ್ ಮಾಡುವ ಮುಂಚೆ, ಎರಡು ನಂಬರ್ ನೋಡಿ. ಕೂಲೆಂಟ್ ಟೆಂಪರೇಚರ್, ಇಂಟೇಕ್ ಗಾಳಿಯ ಟೆಂಪರೇಚರ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು 22, ಇನ್ನೊಂದು 45 ತೋರಿಸಿದರೆ ಯಾವುದೋ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಮೈನಸ್ 40 ತೋರಿಸಿದರೆ ವೈರ್ ಕಟ್ ಆಗಿದೆ ಅಥವಾ ಕಪ್ಲರ್ (ವೈರ್ ಕೂಡಿಸುವ ಪ್ಲಗ್) ಬಿಟ್ಟಿದೆ. ಆಮೇಲೆ ಒಂದು ರೌಂಡ್ ಓಡಿಸಿ, ಕೂಲೆಂಟ್ ನಂಬರ್ ಹೇಗೆ ಏರುತ್ತದೆ, ಎಲ್ಲಿ ಇಳಿಯುತ್ತದೆ ನೋಡಿ. ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ.

ಕೆಎ07 ಕೋಲಾರ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ ಸಾರ್. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಲೈಟ್ ಬಂದಿದೆ, ಅದೂ ಇದೇ ಅಡಾಪ್ಟರಿನಲ್ಲಿ ಗೊತ್ತಾಗುತ್ತಾ?

ಹತ್ತನೇ ನಂಬರ್ ಸ್ಪ್ಯಾನರ್:
ಬಹುತೇಕ ಗೊತ್ತಾಗಲ್ಲ. ಚಿಲ್ಲರೆ ಅಡಾಪ್ಟರ್ ಇಂಜಿನ್ ಕೋಡ್ ಓದುತ್ತದೆ, ಅಷ್ಟೇ. ಏರ್‌ಬ್ಯಾಗ್, ಎಬಿಎಸ್‌ಗೆ ಅದಕ್ಕೆಂದೇ ಇರುವ ಸ್ಕ್ಯಾನರ್ ಬೇಕು. ಸೀಟ್ ಕೆಳಗೆ ಹಳದಿ ಕಪ್ಲರ್ ಇರುತ್ತದೆ. ಸೀಟ್ ಹಿಂದೆ ಮುಂದೆ ಎಳೆದು ಅದು ಲೂಸ್ ಆಗುವುದು ಮಾಮೂಲು. ಆದರೆ ಹಾಗೇ ಕೈ ಹಾಕಬೇಡಿ. ಕೀ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಕೆಲವು ನಿಮಿಷ ಕಾದು ಆಮೇಲೆ ಮುಟ್ಟಬೇಕು. ಆ ವೈರಿಗೆ ಮಲ್ಟಿಮೀಟರ್ ಹಚ್ಚಲೇಬೇಡಿ. ನಾನಾದರೂ ಗೊತ್ತಿರುವವರ ಹತ್ತಿರವೇ ಬಿಡುತ್ತೇನೆ.

ದ್ರಾಕ್ಷಿ ತೋಟ (ಚಿಕ್ಕಬಳ್ಳಾಪುರ):
ನನ್ನದು 2006ರ ಗಾಡಿ. ಆ ಅಡಾಪ್ಟರ್ ತಂದು ಚುಚ್ಚಿದೆ. ಕನೆಕ್ಟೇ ಆಗುತ್ತಿಲ್ಲ. ಸಾಕೆಟ್ ಮಾತ್ರ ಇದೆ.

ಬಟವಾಡಿ ಮೇಡಂ:
ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲ ಅಡಾಪ್ಟರ್ ಮಾತಾಡಲ್ಲ ಸಾರ್. ನಮ್ಮಲ್ಲಿ ಓಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸುವ ವ್ಯವಸ್ಥೆ) ಕಡ್ಡಾಯ ಆಗಿದ್ದು ಬಿಎಸ್4 ಅನ್ನುವ ಹೊಗೆ ನಿಯಮದ ಜೊತೆಗೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್4 ಬಂತು, ಅದರ ಜೊತೆ ಓಬಿಡಿ ಮೊದಲ ಹಂತ. 2013ರ ಏಪ್ರಿಲ್‌ನಿಂದ ಎರಡನೇ ಹಂತ. ದೇಶಕ್ಕೆಲ್ಲ ಬಿಎಸ್4 ಆಗಿದ್ದು 2017ರಲ್ಲಿ. ಓಬಿಡಿ ಕಡ್ಡಾಯ ಆಗುವ ಮುಂಚಿನ ಗಾಡಿಗಳು ಎಷ್ಟೋ ಕಂಪನಿಯ ಸ್ವಂತ ಭಾಷೆಯಲ್ಲೇ ಮಾತಾಡುತ್ತವೆ. ಆ ಕಂಪನಿಯ ಸ್ಕ್ಯಾನರ್ ಇರುವ ಗ್ಯಾರೇಜ್ ಹುಡುಕಬೇಕು.

ಸವಾರ ಅವರೇ, ಅಡಾಪ್ಟರ್ ಬರುವವರೆಗೆ ದುಡ್ಡಿಲ್ಲದ ಟೆಸ್ಟ್ ಒಂದಿದೆ. ಹೈವೇಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ. ಮುಖಕ್ಕೆ ಹೊಡೆಯುವ ಗಾಳಿ ಕೈ ಇಡಲಾರದಷ್ಟು ಬಿಸಿ ಇರಬೇಕು. ಉಗುರುಬೆಚ್ಚಗೆ ಬಂದರೆ ಇಂಜಿನ್ ನಿಜಕ್ಕೂ ತಣ್ಣಗಿರುವ, ಸೆನ್ಸರ್ ಸತ್ಯ ಹೇಳುತ್ತಿರುವ ಸಾಧ್ಯತೆ ಜಾಸ್ತಿ.

ಶಿರಾಗೇಟ್ ಸವಾರ:
ಹೀಟರ್ ಟೆಸ್ಟ್ ಮಾಡಿದೆ ಮೇಡಂ. ಗಾಳಿ ಬೆಚ್ಚಗೆ ಬಂತು ಅಷ್ಟೇ.

ಅಡಾಪ್ಟರ್ ಬಂತು, ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾಬಸ್‌ಪೇಟೆವರೆಗೆ ಹೋಗಿ ಬಂದೆ. ಅವನು ಬರೆದುಕೊಂಡಿದ್ದು ಹೀಗೆ. ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ 21, ಗಾಳಿ 22. ಊರೊಳಗೆ ಬಿ.ಎಚ್. ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ 73ಕ್ಕೆ ಏರಿತು. ಕ್ಯಾತ್ಸಂದ್ರ ಟೋಲ್ ದಾಟಿ 80ರ ಸ್ಪೀಡ್ ಹಿಡಿದ ಮೇಲೆ ಏರುವ ಬದಲು ಇಳಿಯಿತು! 70, 66, 63. ಅಲ್ಲೇ ನಿಂತಿತು. ದಾಬಸ್‌ಪೇಟೆಯಲ್ಲಿ ಇಂಜಿನ್ ಆನ್ ಇಟ್ಟುಕೊಂಡೇ ಪಕ್ಕಕ್ಕೆ ನಿಲ್ಲಿಸಿದೆವು. ತಮ್ಮ ಕಾಫಿ ತರುವಷ್ಟರಲ್ಲಿ 84 ಆಗಿತ್ತು. ವಾಪಸ್ ಹೈವೇಗೆ ಹತ್ತಿದ ತಕ್ಷಣ ಮತ್ತೆ ಅರವತ್ತರ ಕಡೆ.

ಹತ್ತನೇ ನಂಬರ್ ಸ್ಪ್ಯಾನರ್:
ಇನ್ನೇನು ಬೇಕು! 21, 22 ಅಂದರೆ ಸೆನ್ಸರ್ ಸರಿ ಇದೆ. ಓಡುವಾಗ ಗಾಳಿ ಹೊಡೆದು ಇಳಿಯುತ್ತದೆ, ನಿಂತಾಗ ಏರುತ್ತದೆ. ಅಂದರೆ ರೇಡಿಯೇಟರಿಗೆ ನೀರು ಸದಾ ಹೋಗುತ್ತಿದೆ. ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ವಾಲ್ವೇ ಇಲ್ಲ.

ಬೇರೆಯವರಿಗೂ ಹೇಳಿಬಿಡುತ್ತೇನೆ. ಇದೇ ಕೋಡ್ ಕೂಲೆಂಟ್ ಕಮ್ಮಿ ಇದ್ದರೂ ಬರುತ್ತದೆ. ಆಗ ನಂಬರ್ ಹೀಗೆ ನಿಧಾನ ಇಳಿಯಲ್ಲ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಕುಣಿಯುತ್ತದೆ. ರೇಡಿಯೇಟರ್ ಫ್ಯಾನ್ ರಿಲೇ (ಅದನ್ನು ಆನ್ ಆಫ್ ಮಾಡುವ ಸ್ವಿಚ್) ಅಂಟಿಕೊಂಡು ಫ್ಯಾನ್ ಸದಾ ತಿರುಗುತ್ತಿದ್ದರೂ ಬರಬಹುದು. ಫ್ಯಾನ್ ನೇರ ಕನೆಕ್ಷನ್ ಕೊಟ್ಟಿರುವ ಗಾಡಿಗಳೂ ಇವೆ, ಅದೂ ಹೀಟ್ ಆಗಬಾರದು ಅಂತ ಮಾಡುವ "ರಿಪೇರಿ".

ಬಟವಾಡಿ ಮೇಡಂ:
ಒಂದು ನಿಮಿಷ. ಸುಮ್ನೆ ಹೊಸ ವಾಲ್ವ್ ಹಾಕಿಸಿಬಿಡಬೇಡಿ. ಅವತ್ತು ಮಧುಗಿರಿ ರಸ್ತೆಯಲ್ಲಿ ಗಾಡಿ ಹೀಟ್ ಆಗಿತ್ತಲ್ವಾ? ಯಾಕೆ ಆಗಿತ್ತು ಅಂತ ಯಾರೂ ಕೇಳಿಲ್ಲ. ವಾಲ್ವ್ ಕಿತ್ತಿದ್ದರಿಂದ ಆ ಕಾಯಿಲೆ ಮುಚ್ಚಿಹೋಗಿದೆ, ವಾಸಿಯಾಗಿಲ್ಲ. ವಾಲ್ವ್ ವಾಪಸ್ ಹಾಕಿದರೆ ಮೊದಲ ದೇವರಾಯನದುರ್ಗದ ಟ್ರಿಪ್ಪಿಗೇ ಹಬೆ ಬರುತ್ತದೆ.

ನಮ್ಮ ಮಾವನ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವುದು ನಾನು. ಪಾವಗಡ, ಶಿರಾ ಕಡೆಯಿಂದ ಬರುವ ಹೀಟ್ ಗಾಡಿಗಳಲ್ಲಿ ಜಾಸ್ತಿ ಕಾಣುವುದು ಬೋರ್ ನೀರಿನ ಕೆಲಸ. ಕೂಲೆಂಟ್ ಕಮ್ಮಿ ಆದಾಗ ತೋಟದ ಮೋಟರಿನ ನೀರು ಸುರಿಯುತ್ತಾರೆ. ನಮ್ಮ ಬೋರ್ ನೀರು ಗಡಸು. ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಔಷಧಿಯೂ ನೀರು ಸೇರಿಸಿದಷ್ಟೂ ತೆಳ್ಳಗಾಗುತ್ತದೆ.

ಎರಡನೆಯದು ರೇಡಿಯೇಟರ್ ಕ್ಯಾಪ್. ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟರೆ ಮಾತ್ರ ನೀರು ತಡವಾಗಿ ಕುದಿಯುತ್ತದೆ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ಬರೀ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕ್ಯಾಪ್ ರಬ್ಬರ್ ಹೋಗಿದ್ದರೆ, ಒಳಗೆ ಇರುವುದೂ ಬರೀ ನೀರಾಗಿದ್ದರೆ, ಫ್ಯಾನ್ ಆನ್ ಆಗುವಷ್ಟರಲ್ಲಿ ಕುದಿಯುವ ಹತ್ತಿರ ಬಂದಿರುತ್ತದೆ.

ಮೂರನೆಯದು ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲಿನ ಭಾಗಕ್ಕೂ (ಹೆಡ್) ಕೆಳಗಿನ ಭಾಗಕ್ಕೂ ನಡುವಿನ ಸೀಲ್. ಅದು ಆಗದಿರಲಿ. ಆಯಿಲ್ ಕ್ಯಾಪ್ ಒಳಗೆ ಹಾಲಿನ ಕೆನೆಯಂಥದ್ದು ಇದೆಯಾ, ಇಂಜಿನ್ ಓಡುವಾಗ ರಿಸರ್ವ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯಾ, ಸೋರಿಕೆ ಕಾಣದೆ ಕೂಲೆಂಟ್ ಕಮ್ಮಿ ಆಗುತ್ತಿದೆಯಾ, ಇವನ್ನು ನೋಡಿ. ಮಳೆಗಾಲದಲ್ಲಿ ಚಿಕ್ಕ ಚಿಕ್ಕ ಓಟಕ್ಕೂ ಕ್ಯಾಪಿನಲ್ಲಿ ಸ್ವಲ್ಪ ಕೆನೆ ಕಟ್ಟುತ್ತದೆ, ನಿಮ್ಮ ಗಾಡಿ ತಣ್ಣಗೆ ಓಡುವುದರಿಂದ ಅದು ಇನ್ನೂ ಜಾಸ್ತಿ ಇರಬಹುದು. ಅದನ್ನೇ ತೋರಿಸಿ ಯಾರಾದರೂ ಹೆಡ್ ಇಳಿಸೋಣ ಅಂದರೆ ಒಪ್ಪಬೇಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಮೇಲಿನ ಆಯಿಲ್ ನೋಡಿ.

ಪಾವಗಡ ಬಿಸಿಲು:
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಊರಲ್ಲಿ ಕುಡಿಯಲು ಕ್ಯಾನ್ ನೀರು ತರುತ್ತೇವೆ, ಗಾಡಿಗೆ ಮಾತ್ರ ಬೋರ್ ನೀರು!

ಗುಬ್ಬಿಗೇಟ್ ಗುರು:
ಇಷ್ಟೆಲ್ಲ ಮಾಡೋ ಬದಲು ಕೋಡ್ ಕ್ಲಿಯರ್ ಮಾಡಿಕೊಂಡು ಓಡಿಸಿದ್ರೆ ಆಗಲ್ವಾ? ಅಡಾಪ್ಟರ್ ಹೆಂಗೂ ಇದೆ.

ಹತ್ತನೇ ನಂಬರ್ ಸ್ಪ್ಯಾನರ್:
ಲೀಟರಿಗೆ ಮೂರು ಕಿಲೋಮೀಟರ್ ಹೋಗುತ್ತಿದೆ, ನೀವು ತುಂಬಿಸಿಕೊಡುತ್ತೀರಾ? ಆಮೇಲೆ, ಪಿ0128 ಲೈಟ್ ಉರಿಯುತ್ತಲೇ ಇದ್ದರೆ ನಾಳೆ ಬೇರೆ ದೊಡ್ಡ ಕೋಡ್ ಬಂದರೂ ಅದೇ ಒಂದು ಲೈಟ್. ಗೊತ್ತೇ ಆಗಲ್ಲ. ಲೈಟ್ ಮಿಣುಕಲು ಶುರುವಾದರೆ ಮಿಸ್‌ಫೈರ್, ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಸುಡುತ್ತದೆ. ಅದರ ರೇಟು ಒಮ್ಮೆ ಕೇಳಿ ನೋಡಿ. ಎಮಿಷನ್ ಟೆಸ್ಟೂ ಇದೆ. ಬಿಎಸ್4 ಪೆಟ್ರೋಲ್ ಗಾಡಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್ ದಾಟಬಾರದು. ಇಂಜಿನ್ ಬಿಸಿ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುವ ಗಾಡಿ ಅಲ್ಲಿ ತಗಲಿಕೊಳ್ಳುತ್ತದೆ.

ಶಿರಾಗೇಟ್ ಸವಾರ:
ಅಪ್‌ಡೇಟ್. ಗಾಡಿ ಬಿಚ್ಚಿದ್ದಾಯಿತು. ಬೇರೆ ಗ್ಯಾರೇಜಿಗೆ ಹೋದೆ. ಈ ಥ್ರೆಡ್ ತೋರಿಸಿ, ಪಕ್ಕದಲ್ಲೇ ನಿಂತು ಕೆಲಸ ಮಾಡಿಸಿದೆ. ಆ ಹುಡುಗ ಪಾಪ ಬೇಜಾರು ಮಾಡಿಕೊಳ್ಳಲಿಲ್ಲ.

ಮೇಲಿನ ಹೋಸ್ ಪೈಪ್ ತೆಗೆದು ವಾಲ್ವ್ ಇರುವ ಹೌಸಿಂಗಿನ ಬೋಲ್ಟ್ ಬಿಚ್ಚಿದರೆ ಒಳಗೆ ಖಾಲಿ. ವಾಲ್ವ್ ಕೂರುವ ಗುಳಿಯಲ್ಲಿ ಏನೂ ಇಲ್ಲ. ಓ ರಿಂಗ್ (ಸೋರದ ಹಾಗೆ ಹಾಕುವ ರಬ್ಬರ್ ಬಳೆ) ಇರಬೇಕಾದ ಜಾಗದಲ್ಲಿ ಕೆಂಪು ಸಿಲಿಕಾನ್ ಪೇಸ್ಟ್ ದಪ್ಪಗೆ ಮೆತ್ತಿದ್ದರು. ಅದರ ಒಂದು ಎಳೆ ಒಳಕ್ಕೆ ಇಳಿದು ಜೋತಾಡುತ್ತಿತ್ತು. ಹೌಸಿಂಗ್ ಗೋಡೆಯಲ್ಲಿ ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತದೆ. ಹೊರಗೆ ಬಂದ ನೀರು ಚಹಾ ಬಣ್ಣ. ಕೂಲೆಂಟಿನ ಹಸಿರು ಹೆಸರಿಗೂ ಇಲ್ಲ.

ಮೇಡಂ ಹೇಳಿದ ಹಾಗೆ ಕ್ಯಾಪ್ ನೋಡಿಸಿದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಡಿಪ್‌ಸ್ಟಿಕ್ ಆಯಿಲ್ ಸರಿ ಇತ್ತು, ಗುಳ್ಳೆ ಇಲ್ಲ. ಹೆಡ್ ಗ್ಯಾಸ್ಕೆಟ್ ಬಚಾವ್. ರೇಡಿಯೇಟರ್ ಕೆಳಗಿನ ಅರ್ಧ ಭಾಗ ಮಾತ್ರ ಇಂಜಿನ್ ಬಿಸಿ ಆದಾಗಲೂ ತಣ್ಣಗೇ ಇತ್ತು. ಕಟ್ಟಿಕೊಂಡಿದೆ. ರಾಡ್ ಹೊಡೆಸಬಹುದಾ, ಅಂದರೆ ಕೊಳವೆಗಳಿಗೆ ಕಡ್ಡಿ ತೂರಿಸಿ ಕ್ಲೀನ್ ಮಾಡಿಸಬಹುದಾ ಅಂತ ಕೇಳಿದೆ. "ಅದು ಹಿತ್ತಾಳೆ ರೇಡಿಯೇಟರಿಗೆ ಸಾರ್, ಇದು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕ್" ಅಂದ. ಹೊಸದೇ ಹಾಕಿಸಿದೆ. ಖರ್ಚಿನಲ್ಲಿ ದೊಡ್ಡದು ಅದೇ. ವಾಲ್ವ್, ಓ ರಿಂಗ್, ಕ್ಯಾಪ್ ಮೂರೂ ಸೇರಿ ಆ ಬೇಡದ ಸೆನ್ಸರ್‌ನಷ್ಟೂ ಆಗಲಿಲ್ಲ!

ಹೊಸ ವಾಲ್ವನ್ನು ಹಾಕುವ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ ಟೆಸ್ಟ್ ಮಾಡಿದ. ದಾರಕ್ಕೆ ಕಟ್ಟಿ ನೀರಲ್ಲಿ ಇಳಿಬಿಟ್ಟ, ಪಕ್ಕದಲ್ಲಿ ಥರ್ಮಾಮೀಟರ್. 82 ಅಂತ ಅಚ್ಚಾಗಿತ್ತು. 83ರ ಹತ್ತಿರ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಂಡಿತು, ಆಮೇಲೆ ನಿಧಾನಕ್ಕೆ ಪೂರ್ತಿ ಬಾಯಿ ಬಿಟ್ಟಿತು. ನೋಡಿ ನನಗೇ ಖುಷಿಯಾಯಿತು.

ಹತ್ತನೇ ನಂಬರ್ ಸ್ಪ್ಯಾನರ್:
ಆ ಹುಡುಗನ ಗ್ಯಾರೇಜ್ ಬಿಡಬೇಡಿ. ವಾಲ್ವ್ ಅಂಚಿನಲ್ಲಿ ಅಲ್ಲಾಡುವ ಒಂದು ಚಿಕ್ಕ ಪಿನ್ ಇರುತ್ತದೆ, ಗಾಳಿ ಹೋಗಲು. ಅದು ಮೇಲ್ಗಡೆ ಬರುವ ಹಾಗೆ ಕೂರಿಸಿದ್ದಾರಾ ಕೇಳಿ. ಏರ್ ತೆಗೆದಿದ್ದಾರಾ? ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಉಳಿದರೆ ಹೊಸ ವಾಲ್ವ್ ಇದ್ದೂ ಹೀಟ್ ಆಗುತ್ತದೆ.

ಶಿರಾಗೇಟ್ ಸವಾರ:
ಪಿನ್ ಮೇಲ್ಗಡೆ ಇದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ, ಹೀಟರ್ ಆನ್ ಇಟ್ಟು, ಫ್ಯಾನ್ ಬಂದು ಹೋಗುವವರೆಗೆ ಓಡಿಸಿ ಏರ್ ತೆಗೆದರು. ಮತ್ತೆ ಅದೇ ದಾಬಸ್‌ಪೇಟೆ ರಸ್ತೆಗೆ ಹೋದೆವು. ಈ ಸಲ ಊರು ದಾಟುವಷ್ಟರಲ್ಲೇ 80 ದಾಟಿತು. ಹೈವೇಯಲ್ಲಿ 84, 86ರ ನಡುವೆ ಕೂತಿತ್ತು. ಮಧ್ಯಾಹ್ನ ದೇವರಾಯನದುರ್ಗ ಹತ್ತಿಸಿದೆ, ಎಸಿ ಹಾಕಿಕೊಂಡೇ. 95 ಮುಟ್ಟಿ ಫ್ಯಾನ್ ಬಂತು, ಇಳಿಯಿತು. ಕೋಡ್ ನಾನು ಅಳಿಸಲಿಲ್ಲ, ತಾನಾಗಿ ಹೋಗುತ್ತಾ ನೋಡೋಣ ಅಂತ ಬಿಟ್ಟಿದ್ದೆ. ಲೈಟ್ ಆರಿದೆ.

ಬಟವಾಡಿ ಮೇಡಂ:
ಒಳ್ಳೆಯದಾಯಿತು. ಸತತವಾಗಿ ಮೂರು ಸಲ ಎಲ್ಲ ಸರಿ ಕಂಡರೆ ಲೈಟ್ ತಾನೇ ಆರುತ್ತದೆ. ಕೋಡ್ ನೆನಪಿನಲ್ಲಿ ಇನ್ನೂ ಇರುತ್ತದೆ, ಇಂಜಿನ್ 40 ಸಲ ಬಿಸಿಯಾದ ಮೇಲೆ ಅಳಿಯುತ್ತದೆ. ಅಲ್ಲಿವರೆಗೆ ಸ್ಕ್ಯಾನ್ ಮಾಡಿದವರು "ಇನ್ನೂ ಇದೆ" ಅಂತ ಹೆದರಿಸಿದರೆ ಹೆದರಬೇಡಿ. ಇಂಜಿನ್ ಆಯಿಲ್ ಒಂದು ಸಲ ಬದಲಾಯಿಸಿ, ಇಷ್ಟು ದಿನ ಪೆಟ್ರೋಲ್ ಇಳಿದಿರುತ್ತದೆ.

ದ್ರಾಕ್ಷಿ ತೋಟ (ಚಿಕ್ಕಬಳ್ಳಾಪುರ):
ಇದನ್ನೆಲ್ಲ ಓದಿ ನನ್ನ 2006ರ ಗಾಡಿ ಹೋಸ್ ಪೈಪ್ ಮುಟ್ಟಿ ನೋಡಿದೆ. ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ ಮೇಲಿನ ಪೈಪ್ ಬೆಚ್ಚಗಾಗಲು ಶುರು. ನನ್ನದರಲ್ಲೂ ವಾಲ್ವ್ ಇಲ್ಲ ಅನ್ನಿಸುತ್ತಿದೆ. ಸ್ಕ್ಯಾನರ್ ಬೇಕಾಗಿಲ್ಲ ಅಲ್ವಾ?

ಹತ್ತನೇ ನಂಬರ್ ಸ್ಪ್ಯಾನರ್:
ಬೇಕಾಗಿಲ್ಲ. ವಾಲ್ವ್ ಸರಿ ಇದ್ದರೆ ಆ ಪೈಪ್ ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ಕೆಲವು ಗಾಡಿಯಲ್ಲಿ ವಾಲ್ವ್ ಕೆಳಗಿನ ಪೈಪಿನ ಕಡೆ ಇರುತ್ತದೆ, ನಿಮ್ಮದು ಯಾವುದು ನೋಡಿಕೊಳ್ಳಿ. ಕೈ ಹಾಕುವಾಗ ಫ್ಯಾನ್ ಹುಷಾರು. ಕೆಲವು ಗಾಡಿಯಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ಬಿಸಿ ಇದ್ದಾಗ ಕ್ಯಾಪ್ ಮಾತ್ರ ತೆಗೆಯಲೇಬೇಡಿ. ವಾಲ್ವ್ ತಗೊಳ್ಳುವಾಗ ಓ ರಿಂಗ್ ಜೊತೆಗೇ ಕೇಳಿ ತಗೊಳ್ಳಿ. ಎಷ್ಟೋ ಅಂಗಡಿಯಲ್ಲಿ ಅದನ್ನು ಬೇರೆ ಇಟ್ಟಿರುತ್ತಾರೆ, ಆಮೇಲೆ ಗ್ಯಾರೇಜಿನಲ್ಲಿ ಮತ್ತೆ ಸಿಲಿಕಾನ್ ಪೇಸ್ಟೇ ಗತಿ.